ಬೋರಾಮಣಿಯ ದಾರಿಯಿಂದ ಕಿಲ್ಲಾರಿಗೆ

ಸೋಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಅರ್ಧ ತಾಸಿನಲ್ಲಿ ಸಿಗುವ ಊರು ಬೋರಾಮಣಿ. ಹೆಸರು ಕೇಳಿದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕೊರಳಿನ ಬೋರಮಾಳ ನೆನಪಾಗುತ್ತದೆ. ಸೋಲಾಪುರದ ವ್ಯಾಪಾರಿಗಳಿಗೆ ಮಾತ್ರ ಬಹುಕಾಲ ಮಾತಿನಲ್ಲಿರುವ ವಿಮಾನ ನಿಲ್ದಾಣ ನೆನಪಾಗುತ್ತದೆ. ಊರಿನ ಸುತ್ತ ಕರಿಗಲ್ಲಿನ ಮಡ್ಡಿ, ಗಿಡ್ಡ ಹುಲ್ಲು, ತಗ್ಗಿನಲ್ಲಿ ಎರೆಹೊಲ, ಹೊಲದಲ್ಲಿ ಬಿಳಿಜೋಳ ಮತ್ತು ತೊಗರಿ. ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ, ಅಡತಿ ಅಂಗಡಿಯಲ್ಲಿ ಎರಡೂ ನಡೆಯುತ್ತವೆ.

ನಾವು ಐದಾರು ಜನ ಈ ದಾರಿಯಲ್ಲಿ ಹೊರಟದ್ದು ಕಿಲ್ಲಾರಿ ನೋಡಲೆಂದು. ತೀರ್ಥಯಾತ್ರೆಯ ವರ್ಣನೆಯನ್ನೇ ಈ ಪುಟಗಳಲ್ಲಿ ಓದಿ ರೂಢಿಯಾದ ಬಂಧುಗಳಿಗೆ ಇದು ವಿಚಿತ್ರವೆನಿಸಬಹುದು. ಕಿಲ್ಲಾರಿಯಲ್ಲಿ ನೋಡುವುದೇನಿದೆ? ಒಂದು ಸ್ಮೃತಿಸ್ತಂಭವಿದೆ, ಹಳೆಯ ಊರಿನ ನೆಲವಿದೆ, ಹೊಸ ಊರಿನ ನೇರ ರಸ್ತೆಗಳಿವೆ. ಅನಾಹುತ ಕಳೆದ ಮೇಲೆ ಒಂದು ಊರು ತನ್ನ ದುಃಖವನ್ನು ಕಲ್ಲಿನಲ್ಲೋ ಮರದಲ್ಲೋ ಬಣ್ಣದಲ್ಲೋ ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಇಟ್ಟುಕೊಳ್ಳುತ್ತದೆಯಲ್ಲ, ಅದರಿಂದ ಬದುಕಿದವರಿಗೆ ಏನು ಸಿಗುತ್ತದೆ ಎಂಬುದನ್ನು ತಿಳಿಯುವ ಆಸೆ ನಮಗಿತ್ತು.

ಬೋರಾಮಣಿಯಲ್ಲಿ ಪರಿಚಯದ ಹಿರಿಯ ವ್ಯಾಪಾರಿಯೊಬ್ಬರ ಮನೆಯಲ್ಲಿ ಸ್ವಲ್ಪ ಹೊತ್ತು ತಂಗಿದೆವು. ಹಳೆಯ ಕಾಲದ ಮನೆ. ಎರಡು ಮೊಳಕ್ಕೂ ಮೀರಿದ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಹೊಕ್ಕರೆ ಬಾವಿಯೊಳಗೆ ಇಳಿದಷ್ಟು ತಂಪು. ಆ ರಾತ್ರಿಯ ಮಾತು ತೆಗೆದಾಗ ಅವರು ಹೇಳಿದ್ದು ಇಷ್ಟೇ: ಅಡುಗೆಮನೆಯ ತಾಮ್ರದ ಕೊಡಗಳು ಒಂದಕ್ಕೊಂದು ತಾಗಿ ಸದ್ದಾಯಿತು, ಕಳ್ಳರು ಬಂದರೆಂದು ಎದ್ದೆವು, ಆಮೇಲೆ ಎಷ್ಟೋ ದಿನ ಹೆಂಗಸರು ಮಕ್ಕಳೆಲ್ಲ ಅಂಗಳದಲ್ಲೇ ಮಲಗಿದೆವು. ಬಳಿಕ ಎದ್ದು ಗೋಡೆಯ ಹತ್ತಿರ ಹೋಗಿ ಅಲ್ಲಲ್ಲಿ ಅಡ್ಡವಾಗಿ ಕೂಡಿಸಿದ ಉದ್ದನೆಯ ಕಲ್ಲುಗಳನ್ನು ತಟ್ಟಿ ತೋರಿಸಿದರು. "ನಮ್ಮ ಅಜ್ಜನ ಕಾಲದ ಒಡ್ಡರು ಇಟ್ಟದ್ದು. ಹೀಗಿದ್ದರೆ ಗೋಡೆ ಒಡೆಯೋದಿಲ್ಲ" ಎಂದರು. ಆ ಮಾತಿನ ಬೆಲೆ ನಮಗೆ ಪೂರ್ತಿ ತಿಳಿದದ್ದು ಕಿಲ್ಲಾರಿಗೆ ಹೋದ ಮೇಲೆ.

ದಾರಿಯಲ್ಲಿ ನಳದುರ್ಗ. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಹೊಟ್ಟೆಯಲ್ಲೇ ಒಂದು ಮಹಲು, ಅದರ ಮೇಲಿನಿಂದ ಮಳೆಗಾಲದಲ್ಲಿ ಧುಮುಕುವ ನೀರು. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದ ಈ ಪಾಣಿಮಹಲನ್ನು ನೋಡಲು ಇಂದಿಗೂ ಜನ ಹಬ್ಬದಂತೆ ಸೇರುತ್ತಾರೆ. ಬರಸೀಮೆಯಲ್ಲಿ ನೀರನ್ನು ತಡೆಯುವ ಕೆಲಸವನ್ನೇ ಇಷ್ಟು ಚೆಲುವಾಗಿ ಮಾಡಿದ್ದಾರಲ್ಲ ಎಂದು ಅಂದುಕೊಂಡು ಮುಂದೆ ನಡೆದೆವು. ಉಮರ್ಗಾದಲ್ಲಿ ಹೆದ್ದಾರಿ ಬಿಟ್ಟು ಉತ್ತರಕ್ಕೆ, ಲಾತೂರಿನ ರಸ್ತೆಗೆ ತಿರುಗಬೇಕು.

1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ನಮ್ಮವರಿಗೆ ಅದು ದಶಲಕ್ಷಣ ಪರ್ವದ ಕೊನೆಯ ದಿನ. ಬಹಳ ಜನ ಉಪವಾಸ ಮಾಡಿ ಬೇಗ ಮಲಗಿದ್ದರು. ಊರೂರಿನಲ್ಲಿ ಗಣಪತಿಯನ್ನು ಕಳಿಸುವ ಮೆರವಣಿಗೆ ಮುಗಿಸಿ ಬಂದವರು ತಡವಾಗಿ ಮಲಗಿದ್ದರು. ಅಂತೂ ಎಲ್ಲರೂ ಗಾಢನಿದ್ರೆಯಲ್ಲಿದ್ದ ಹೊತ್ತು, 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಕಂಪನದ ಪ್ರಮಾಣ 6.2. ಕೇಂದ್ರ ಕಿಲ್ಲಾರಿಯ ಹತ್ತಿರ. ಲಾತೂರು ಜಿಲ್ಲೆಯ ಕಿಲ್ಲಾರಿ, ಇಂದು ಧಾರಾಶಿವ ಎಂದು ಕರೆಯುವ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಸತ್ತವರು ಸರ್ಕಾರಿ ಲೆಕ್ಕದಲ್ಲೇ ಎಂಟು ಸಾವಿರಕ್ಕೆ ಸಮೀಪ. ಹತ್ತು ಸಾವಿರವೆಂದು ಬರೆಯುವವರೂ ಇದ್ದಾರೆ. ಒಂದು ವರ್ಷ ಮೊದಲೇ, 1992ರಲ್ಲಿ, ಕಿಲ್ಲಾರಿಯಲ್ಲಿ ಸಣ್ಣ ನಡುಕಗಳು ಬಂದು ಹೋಗಿದ್ದವು. ದಖ್ಖನ್ನಿನ ನೆಲ ಗಟ್ಟಿ ನೆಲ, ಇಲ್ಲಿ ಭೂಕಂಪವಾಗದು ಎಂಬ ನಂಬಿಕೆಯೇ ಆಗ ಎಲ್ಲರಲ್ಲೂ ಇತ್ತು.

ಸಾವು ಇಷ್ಟು ಹೆಚ್ಚಾಗಲು ಮನೆ ಕಟ್ಟುವ ರೀತಿಯೇ ಕಾರಣವಾಯಿತು. ಗೋಡೆಗಳು ಎರಡು ಪದರಿನವು. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡು ಸಾಲನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದಾಗ ನಡುಕಕ್ಕೆ ಪದರುಗಳು ಬೇರೆಯಾಗಿ ಒಳಕ್ಕೂ ಹೊರಕ್ಕೂ ಕುಸಿದವು. ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಎಷ್ಟೋ ಮನೆಗಳಲ್ಲಿ ಮರದ ಕಂಬ ತೊಲೆಗಳು ನಿಂತೇ ಇದ್ದವು, ಗೋಡೆ ಮಾತ್ರ ಮಲಗಿದವರ ಮೇಲೆ ಬಿದ್ದಿತ್ತು. ಬೇಸಿಗೆಯ ತಂಪಿಗೆಂದು ಪೀಳಿಗೆಯಿಂದ ಪೀಳಿಗೆಗೆ ದಪ್ಪವಾಗುತ್ತ ಬಂದ ಗೋಡೆ ಅದು.

ಆ ಮೇಲೆ ಜನ ಕಲ್ಲನ್ನೇ ದ್ವೇಷಿಸಿದರು. ಹೊಸ ಮನೆಗಳಿಗೆ ಕಲ್ಲು ಬೇಡ, ಸಿಮೆಂಟಿನದೇ ಬೇಕು ಎಂದು ಹಟ ಹಿಡಿದರು. ವಿಶ್ವಬ್ಯಾಂಕಿನ ಸಾಲ, ಸರ್ಕಾರದ ಹಣ, ದಾನಿಗಳ ನೆರವು ಸೇರಿ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಸಾಗಿಸಿ ಕಟ್ಟಿದ್ದಾಯಿತು. ಸೋಲಾಪುರವೂ ಸೇರಿ 13 ಜಿಲ್ಲೆಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸಿದರು. ನಮ್ಮ ಸಮಾಜವೂ ಹಿಂದೆ ಬೀಳಲಿಲ್ಲ. ಭಾರತೀಯ ಜೈನ ಸಂಘಟನೆಯ ಶಾಂತಿಲಾಲ ಮುಥ್ಥಾ ಅವರು ಭೂಕಂಪಪೀಡಿತ ಸೀಮೆಯ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿದ ಸಂಗತಿ, ವಾಘೋಲಿಯ ಶಿಕ್ಷಣ ಕೇಂದ್ರ ಬೆಳೆದ ಕಥೆ, ನಮ್ಮ ಓದುಗರಿಗೆ ಹೊಸದಲ್ಲ. ಅದನ್ನಿಲ್ಲಿ ಹಿಗ್ಗಿಸುವುದಿಲ್ಲ.

ಹಳೆಯ ಕಿಲ್ಲಾರಿಯ ನೆಲದಲ್ಲಿ ಸ್ಮೃತಿಸ್ತಂಭದ ಮುಂದೆ ನಿಂತೆವು. ಪ್ರತಿವರ್ಷ ಸೆಪ್ಟೆಂಬರ್ 30ರಂದು ಇಲ್ಲಿಗೆ ಅಧಿಕಾರಿಗಳು, ಜನಪ್ರತಿನಿಧಿಗಳು, ಮೃತರ ಮನೆಯವರು ಬರುತ್ತಾರೆ. ಹೂಮಾಲೆ ಇಡುತ್ತಾರೆ. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. ನಾವು ಹೋದದ್ದು ಬೇರೆ ದಿನ. ಜಾಲಿಯ ಗಿಡಗಳ ನಡುವೆ ಆಡು ಮೇಯಿಸುವ ಹುಡುಗನೊಬ್ಬ ಬಿಟ್ಟರೆ ಮತ್ತಾರೂ ಇರಲಿಲ್ಲ.

ಸ್ತಂಭವೆಂಬುದು ನಮಗೆ ಹೊಸ ಆಕಾರವಲ್ಲ. ಬಸದಿಯ ಮುಂದೆ ಮಾನಸ್ತಂಭ ನೋಡುತ್ತಲೇ ಬೆಳೆದವರು ನಾವು. ಅದನ್ನು ಕಂಡ ಕೂಡಲೇ ತಲೆ ಎತ್ತುತ್ತೇವೆ, ಒಳಗಿನ ಸೊಕ್ಕು ಸ್ವಲ್ಪ ಇಳಿಯುತ್ತದೆ. ಆ ಕೆಲಸಕ್ಕೆ ಸ್ತಂಭ ಸರಿ. ಮಕ್ಕಳನ್ನು ಕಳೆದುಕೊಂಡ ತಾಯಿಗೆ ಸ್ತಂಭ ಏನು ಕೊಡುತ್ತದೆ ಎಂಬ ಸಂಶಯ ಮಾತ್ರ ನಮಗೆ ಅಲ್ಲಿ ನಿಂತಾಗ ಬಂತು. ಅದರ ಮುಂದೆ ನಿಲ್ಲಬೇಕು, ಕೂರುವಂತಿಲ್ಲ. ಅದಕ್ಕೆ ಹೂಮಾಲೆ ಇಡಬಹುದು, ಬೇರೇನೂ ಮಾಡುವಂತಿಲ್ಲ. ವರ್ಷಕ್ಕೊಮ್ಮೆ ಸಲಾಮಿಗೆ ಹೇಳಿಮಾಡಿಸಿದ ಆಕಾರ. ಉಳಿದ 364 ದಿನ ಆಡುಗಳಿಗೆ ನೆರಳು.

ನಮ್ಮೊಡನೆ ಬಂದಿದ್ದ ಕಾಲೇಜು ಹುಡುಗ ಕೇಳಿದ, ಹಾಗಾದರೆ ಬೇರೆ ಕಡೆ ಏನು ಮಾಡಿದ್ದಾರೆ ಎಂದು. ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ನಮ್ಮಲ್ಲಿ ಒಬ್ಬೊಬ್ಬರೂ ತಮಗೆ ತಿಳಿದದ್ದು ಹೇಳಿದರು.

ಭೋಪಾಲದ ಮಾತು ಮೊದಲು ಬಂತು. 1984ರ ಡಿಸೆಂಬರಿನ ವಿಷಾನಿಲದ ಮರುವರ್ಷವೇ ಕಾರ್ಖಾನೆಯ ಎದುರಿಗೆ ಒಂದು ಪ್ರತಿಮೆ ನಿಂತಿತು. ತಾಯಿಯೊಬ್ಬಳು ಕೈಯಿಂದ ಮುಖ ಮುಚ್ಚಿಕೊಂಡಿದ್ದಾಳೆ. ತೋಳಿನಲ್ಲಿ ಕೂಸು, ಹಿಂದೆ ಸೀರೆಗೆ ಜೋತುಬಿದ್ದ ಇನ್ನೊಂದು ಮಗು. ಮಾಡಿದವರು ನೆದರ್ಲೆಂಡ್ಸಿನ ರೂತ್ ವಾಟರ್ಮನ್. ಅವರ ತಂದೆತಾಯಿ ಹಿಟ್ಲರನ ಯಹೂದಿ ಸಂಹಾರದಿಂದ ಬದುಕುಳಿದವರು. ಅದು ಸರ್ಕಾರ ನಿಲ್ಲಿಸಿದ ಸ್ಮಾರಕವಲ್ಲ. ಅನಿಲಪೀಡಿತರು ಪ್ರತಿವರ್ಷ ಸೇರುವುದು, ತಮ್ಮ ನ್ಯಾಯದ ಕೂಗು ಹಾಕುವುದು ಅಲ್ಲೇ. ಆ ಪ್ರತಿಮೆಯಲ್ಲಿ ಸಮಾಧಾನಕ್ಕಿಂತ ಸಂಕಟವೇ ಹೆಚ್ಚು. ಆದರೂ ತಮ್ಮ ಕಥೆಯನ್ನು ಯಾರೋ ಕಂಡಿದ್ದಾರೆ ಎಂಬ ಆಸರೆ ಅದರಿಂದ ಅವರಿಗೆ ಸಿಕ್ಕಿದೆ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ್ದು ಇನ್ನೊಂದು ರೀತಿ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಅಲ್ಲಿ 185 ಜನ ಸತ್ತರು. ಮರುವರ್ಷ ಪೀಟ್ ಮಜೆಂಡಿ ಎಂಬ ಕಲಾವಿದರು ಬಿದ್ದುಹೋದ ಚರ್ಚಿನ ಖಾಲಿ ಜಾಗದಲ್ಲಿ 185 ಕುರ್ಚಿಗಳನ್ನು ಸಾಲಾಗಿ ಇಟ್ಟರು. ಎಲ್ಲಕ್ಕೂ ಬಿಳಿ ಬಣ್ಣ, ಆದರೆ ಒಂದರಂತೆ ಒಂದಿಲ್ಲ. ಊಟದ ಕುರ್ಚಿ, ಆರಾಮಕುರ್ಚಿ, ಗಾಲಿಕುರ್ಚಿ, ಕೂಸಿನ ಕುರ್ಚಿ. ಒಂದು ವಾರಕ್ಕೆಂದು ಇಟ್ಟದ್ದು ವರ್ಷಗಟ್ಟಲೆ ಉಳಿಯಿತು. ಬಂದವರು ತಮ್ಮವರನ್ನು ನೆನಪಿಸುವ ಕುರ್ಚಿಯನ್ನು ಆರಿಸಿ ಅದರಲ್ಲಿ ಕೂರುತ್ತಿದ್ದರು. ಇದರ ಖರ್ಚು ನೋಡಿ, ಮನೆಮನೆಯ ಹಳೆಯ ಕುರ್ಚಿ ಮತ್ತು ಬಣ್ಣ. ನಮ್ಮಲ್ಲಾದರೆ ಇದಕ್ಕೆ ಸಮಿತಿ ಮಾಡಿ ಮೂರು ವರ್ಷ ಚಂದಾ ಎತ್ತುತ್ತಿದ್ದೆವು.

ಜಪಾನಿನ ಕೋಬೆಯಲ್ಲಿ 1995ರ ಜನವರಿಯಲ್ಲಿ ಭೂಕಂಪವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೀದಿಯುದ್ದಕ್ಕೂ ಬಣ್ಣದ ದೀಪಗಳ ತೋರಣ ಕಟ್ಟಿ ಹಬ್ಬ ಆರಂಭಿಸಿದರು. ಅದು ಪದ್ಧತಿಯಾಗಿ ಬೆಳೆಯಿತು. ಕತ್ತಲಾಗಿದ್ದ ಪೇಟೆಗೆ ಗಿರಾಕಿಗಳು ಮತ್ತೆ ಬಂದರು. ಅಂಗಡಿಕಾರರಾದ ನಮಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ಆಗುತ್ತದೆ.

ಕೇರಳದ ಚೇಂದಮಂಗಲಂನ ಕೈಮಗ್ಗದವರ ಕಥೆ ಹೇಳಿದಾಗ ಸೋಲಾಪುರದ ಚಾದರ ವ್ಯಾಪಾರದಲ್ಲಿರುವ ನಮ್ಮ ಮಿತ್ರರು ಊಟ ಬಿಟ್ಟು ಕೇಳಿದರು. 2018ರ ಆಗಸ್ಟಿನ ಪ್ರವಾಹದಲ್ಲಿ ಓಣಂ ಮಾರಾಟಕ್ಕೆಂದು ನೇಯ್ದಿಟ್ಟ ಸೀರೆ, ಮುಂಡುಗಳೆಲ್ಲ ಕೆಸರುಪಾಲಾದವು. ಸುಡುವುದೊಂದೇ ದಾರಿ ಎಂದುಕೊಂಡಿದ್ದರು. ಲಕ್ಷ್ಮೀ ಮೆನನ್ ಮತ್ತು ಗೋಪಿನಾಥ ಪಾರಯಿಲ್ ಎಂಬವರು ಆ ಕಲೆಬಿದ್ದ ಬಟ್ಟೆಯನ್ನು ತೊಳೆದು, ತುಂಡು ಮಾಡಿ, ಗಂಟು ಹಾಕಿ ಪುಟ್ಟ ಗೊಂಬೆ ಮಾಡಿಸಿದರು. ಚೇಕುಟ್ಟಿ ಎಂದು ಹೆಸರು. ಅಂದರೆ ಕೆಸರಿನ ಕೂಸು. ಒಂದು ಸೀರೆಯಿಂದ ಸುಮಾರು 360 ಗೊಂಬೆ, ಒಂದಕ್ಕೆ 25 ರೂಪಾಯಿ. ಹಾಳಾಗದಿದ್ದರೆ ಒಂದೂವರೆ ಸಾವಿರದೊಳಗೆ ಮಾರುತ್ತಿದ್ದ ಸೀರೆ ಹಾಳಾದ ಮೇಲೆ 9,000 ತಂದಿತು! ಕಲೆ ಹೋಗದ ಗೊಂಬೆಯನ್ನೇ ಜನ ಬೇಕೆಂದು ಕೊಂಡರು. ಶಾಲೆಯ ಮಕ್ಕಳು, ದೂರದೇಶದ ಮಲಯಾಳಿಗಳು ಕೂತು ಗೊಂಬೆ ಕಟ್ಟಿಕೊಟ್ಟರು.

ಇವುಗಳನ್ನೆಲ್ಲ ಕೇಳುತ್ತ ನಮಗೆ ಒಂದು ಮಾತು ಸ್ಪಷ್ಟವಾಯಿತು. ನೋಡಿ ಹೋಗು ಎನ್ನುವ ಕಲೆಗಿಂತ ಬಾ, ಕೂಡು, ಏನಾದರೂ ಮಾಡು ಎನ್ನುವ ಕಲೆಯಿಂದಲೇ ದುಃಖಿಗಳಿಗೆ ಧೈರ್ಯ ಬರುತ್ತದೆ. ಕುರ್ಚಿಯಲ್ಲಿ ಕೂರು, ದೀಪದ ಕೆಳಗೆ ನಡೆ, ಗೊಂಬೆ ಕಟ್ಟು. ಕೈಗೆ ಕೆಲಸ ಸಿಕ್ಕರೆ ಮನಸ್ಸು ನಾಳೆಯ ಕಡೆ ತಿರುಗುತ್ತದೆ.

ನಮ್ಮ ದೇಶದಲ್ಲೇ ಇದಕ್ಕೆ ದೊಡ್ಡ ಮಾದರಿ ಕಚ್ಛಿನ ಭುಜ್. 2001ರ ಜನವರಿ 26ರ ಭೂಕಂಪದಲ್ಲಿ ಗತಿಸಿದವರಿಗಾಗಿ ಅಲ್ಲಿನ ಭುಜಿಯೋ ಗುಡ್ಡದ ಮೇಲೆ 470 ಎಕರೆಯಲ್ಲಿ ಸ್ಮೃತಿವನ ಮಾಡಿದ್ದಾರೆ. 2022ರ ಆಗಸ್ಟ್ 28ರಂದು ಉದ್ಘಾಟನೆಯಾಯಿತು. ಅಲ್ಲಿ ಮ್ಯೂಸಿಯಂ ಇದೆ, ನಡುಕದ ಅನುಭವ ಕೊಡುವ ಕೋಣೆಯಿದೆ. ನಮ್ಮ ಮನಸ್ಸಿಗೆ ಹಿಡಿಸಿದ್ದು ಅದಲ್ಲ. ಗುಡ್ಡದಿಂದ ಹರಿದು ಹೋಗುವ ಮಳೆನೀರನ್ನು ತಡೆಯಲು ಸುಮಾರು 50 ಸಣ್ಣ ಒಡ್ಡುಗಳನ್ನು ಕಟ್ಟಿ, ಆ ನೀರಿನ ದಂಡೆಗಳಲ್ಲಿ ಹದಿಮೂರು ಸಾವಿರಕ್ಕೆ ಸಮೀಪದಷ್ಟು ಜನರ ಹೆಸರುಗಳನ್ನು ಬರೆದಿದ್ದಾರೆ. ಆ ನೀರಿನಿಂದ ಬೋಳುಗುಡ್ಡ ಕಾಡಾಗಿದೆ. ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲೇ ಸಿಕ್ಕಿ ಸತ್ತ 185 ಮಕ್ಕಳಿಗೂ 20 ಶಿಕ್ಷಕರಿಗೂ ಬೇರೆ ಸ್ಮಾರಕವಿದೆ. ಕ್ರೈಸ್ಟ್‌ಚರ್ಚಿನ ಕುರ್ಚಿಗಳ ಸಂಖ್ಯೆಯೂ ಅಷ್ಟೇ ಎಂಬುದು ನೆನಪಾಗಿ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು.

ಇಲ್ಲಿ ನಮ್ಮ ಸಮಾಜದ ಹಿರಿಯರಿಗೆ ಒಂದು ಮಾತು ಅರಿಕೆ ಮಾಡಬೇಕು, ಬೇಸರಪಡಬಾರದು. ಅನಾಹುತವಾದಾಗ ನಾವು ಕೈಬಿಚ್ಚಿ ಕೊಡುತ್ತೇವೆ, ಅದರಲ್ಲಿ ಸಂಶಯವಿಲ್ಲ. ಆದರೆ ಕೊಟ್ಟದ್ದರ ಮೇಲೆ ಅಮೃತಶಿಲೆಯ ಫಲಕ ಹಾಕಿಸುವ ರೂಢಿ ನಮ್ಮದು. ಯಾವ ಧರ್ಮಶಾಲೆಗಾದರೂ ಹೋಗಿ ನೋಡಿ, ಕೋಣೆಕೋಣೆಗೂ, ನೀರಿನ ತೊಟ್ಟಿಗೂ, ಗೋಡೆಗೆ ತಗುಲಿಸಿದ ಪಂಖಕ್ಕೂ ದಾನಿಯ ಹೆಸರಿದೆ. ಧರ್ಮಶಾಲೆಯಲ್ಲಿ ಇರಲಿ. ಸತ್ತವರ ಊರಿನಲ್ಲಿ ಕೊಟ್ಟವರ ಹೆಸರು ದೊಡ್ಡಕ್ಷರದಲ್ಲಿಯೂ ಹೋದವರ ಹೆಸರು ಕಾಗದದ ಪಟ್ಟಿಯಲ್ಲಿಯೂ ಇರುವುದು ಸರಿಯೇ?

ನಮ್ಮ ಪೂರ್ವಜರು ಹೀಗೆ ಮಾಡಲಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಬಂಡೆಬಂಡೆಗೂ ನಿಷಿಧಿಯ ಬರಹಗಳಿವೆ. ಅಲ್ಲಿ ಮೊದಲು ಬರುವುದು ಸಮಾಧಿ ಹೊಂದಿದವರ ಹೆಸರು. ಬರೆಸಿದವರ ಹೆಸರು ಇದ್ದರೆ ಕೊನೆಗೆ, ಎಷ್ಟೋ ಕಡೆ ಇಲ್ಲವೇ ಇಲ್ಲ. ಅಲ್ಲಿಯ ಅತಿ ಹಳೆಯದೆಂದು ಎಣಿಸುವ, ಸುಮಾರು ಕ್ರಿ.ಶ. 600ರ ಶಾಸನದಲ್ಲಿ ಒಂದು ಅನಾಹುತದ ಮಾತಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಬರಗಾಲ ಬರುವುದೆಂದು ಭದ್ರಬಾಹುಸ್ವಾಮಿ ತಿಳಿದು ಹೇಳಿದ್ದು, ಸಂಘವೆಲ್ಲ ಉತ್ತರಾಪಥ ಬಿಟ್ಟು ದಕ್ಷಿಣಕ್ಕೆ ಹೊರಟದ್ದು ಅದರಲ್ಲಿದೆ. ಅದೇ ಬೆಟ್ಟದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರ ಕಥೆಯನ್ನು 90 ಪುಟ್ಟ ಚಿತ್ರಗಳಾಗಿ ಕೊರೆದಿದ್ದಾರೆ. ದಾಸೋಜನೆಂಬ ಶಿಲ್ಪಿಯ ಹೆಸರು ಅಲ್ಲಿ ಉಳಿದಿದೆ. ಯಾತ್ರಿಕರು ಅವಸರದಲ್ಲಿ ದಾಟಿಹೋಗುವ ಆ ಜಾಲಂಧ್ರವೂ ಬರದಿಂದ ನೆಲೆ ಕಿತ್ತುಕೊಂಡು ಬಂದವರ ಕಥೆಯನ್ನು ಎಲ್ಲರ ಕಣ್ಣಿಗೆ ಇಟ್ಟ ಕಲೆಯೇ. ಮುಂದಿನ ಸಲ ಹೋದಾಗ ಮಕ್ಕಳನ್ನು ಅದರ ಮುಂದೆ ಹತ್ತು ನಿಮಿಷ ನಿಲ್ಲಿಸಿ.

ಹಾಗಾದರೆ ಕಿಲ್ಲಾರಿಗೆ ಏನು ಬೇಕು? ನಮಗೆ ತೋಚಿದ್ದನ್ನು ಹೇಳುತ್ತೇವೆ. ಬೋರಾಮಣಿಯ ಹಿರಿಯರು ತಟ್ಟಿ ತೋರಿಸಿದ ಅಡ್ಡಗಲ್ಲು ಇದೆಯಲ್ಲ, ಗೋಡೆಯ ಎರಡು ಪದರನ್ನು ಹಿಡಿದು ನಿಲ್ಲಿಸುವುದು ಅದೇ. ಭೂಕಂಪದ ನಂತರ ಮನೆಗಳನ್ನು ಬಲಪಡಿಸಿದಾಗ ಇಂಜಿನಿಯರರೂ ಹಳೆಯ ಗೋಡೆಗೆ ತೂತು ಕೊರೆದು, ಕಬ್ಬಿಣದ ಸಲಾಕೆ ಇಟ್ಟು ಕಾಂಕ್ರೀಟ್ ತುಂಬಿ ಅಡ್ಡಗಲ್ಲಿನ ಕೆಲಸವನ್ನೇ ಮಾಡಿಸಿದರು. ಕಲ್ಲಿನ ತಪ್ಪಿರಲಿಲ್ಲ, ಕಲ್ಲು ಕೂಡಿಸಿದ ರೀತಿಯ ತಪ್ಪಿತ್ತು. ಹಳೆಯ ಊರಿನ ನೆಲದಲ್ಲಿ, ಬಿದ್ದ ಕಲ್ಲುಗಳನ್ನೇ ಆರಿಸಿ, ಊರಿನ ಒಡ್ಡರ ಕೈಯಿಂದಲೇ ಒಂದು ಉದ್ದನೆಯ ಗೋಡೆ ಕಟ್ಟಿಸಬಾರದೇ? ಎದೆಯೆತ್ತರ ಸಾಕು. ಪ್ರತಿ ಅಡ್ಡಗಲ್ಲಿನ ತಲೆ ಗೋಡೆಯಿಂದ ನಾಲ್ಕು ಬೆರಳು ಹೊರಗೆ ಬರಲಿ, ಅದರ ಮೇಲೆ ಒಂದು ಮನೆತನದವರ ಹೆಸರುಗಳು. ಅಜ್ಜಿ ಅಲ್ಲಿ ಕೈಯಿಟ್ಟು ನೆನೆಯಬಹುದು. ಕಲ್ಲನ್ನು ಹೆದರಿ ಬಿಟ್ಟ ಊರಿನ ಮಕ್ಕಳಿಗೆ ಗೋಡೆ ಯಾಕೆ ಬೀಳುತ್ತದೆ, ಯಾಕೆ ನಿಲ್ಲುತ್ತದೆ ಎಂಬುದನ್ನು ಶಾಲೆಯ ಮಾಸ್ತರರು ಅಲ್ಲೇ ತೋರಿಸಬಹುದು. ಗೋಡೆಯ ಕೆಳಗೆ ಮಳೆನೀರು ನಿಲ್ಲುವ ತಗ್ಗು ತೆಗೆದರೆ ಜಾಲಿಯ ಜಾಗದಲ್ಲಿ ಬೇವು, ಆಲ, ಮಾವು ಬೆಳೆದಾವು. ಖರ್ಚು ನಮ್ಮ ಒಂದು ಮದುವೆಯ ಮಂಟಪಕ್ಕಿಂತ ಹೆಚ್ಚಾಗದು ಎಂದು ನಮ್ಮಲ್ಲಿಯ ಗುತ್ತಿಗೆದಾರರು ಬೆರಳೆಣಿಸಿ ಹೇಳಿದರು. ಊರಿನವರು ಒಪ್ಪಬೇಕು, ಅದು ಮೊದಲ ಮಾತು. ಅವರಿಗೆ ಬೇರೊಂದು ಬೇಕೆನಿಸಿದರೆ ಅದೇ ಆಗಲಿ. ಅವರನ್ನು ಕೇಳದೆ ಅವರ ದುಃಖಕ್ಕೆ ನಕಾಶೆ ಬರೆಯುವ ಅಧಿಕಾರ ನಮಗಿಲ್ಲ.

ಹೊಸ ಕಿಲ್ಲಾರಿಯಲ್ಲಿ ಹಿಂದಿರುಗುವ ಮುನ್ನ ಒಂದು ಸುತ್ತು ಹಾಕಿದೆವು. ಅಗಲ ರಸ್ತೆ, ಸಾಲುಮನೆ, ಎಲ್ಲ ಒಂದೇ ಅಚ್ಚಿನವು. ಹಳೆಯ ವಾಡೆಗಳ ಓಣಿ, ಕಟ್ಟೆ, ತಿರುವುಗಳು ಇಲ್ಲಿಲ್ಲ. ಆದರೂ ಮೂವತ್ತು ವರ್ಷದಲ್ಲಿ ಜನ ತಮ್ಮ ಕೈವಾಡ ತೋರಿಸಿದ್ದಾರೆ. ಒಬ್ಬರ ಬಾಗಿಲಿಗೆ ಹಸಿರು, ಇನ್ನೊಬ್ಬರದಕ್ಕೆ ನೀಲಿ. ಮನೆಯ ಮುಂದೆ ತುಳಸಿಕಟ್ಟೆ, ಪಕ್ಕದಲ್ಲಿ ತಾವೇ ಎಬ್ಬಿಸಿದ ತಗಡಿನ ಪಡಸಾಲೆ. ಬೆಳಗಿನ ರಂಗೋಲಿ ಮಧ್ಯಾಹ್ನವಾದರೂ ಅಳಿದಿರಲಿಲ್ಲ. ನಮ್ಮೊಡನಿದ್ದ ಹೆಣ್ಣುಮಕ್ಕಳು ಕಾಲಿಡದೆ ಸುತ್ತಿ ಹೋದರು.

ಹೋಗಬಯಸುವವರಿಗೆ ಎರಡು ಮಾತು. ಸೋಲಾಪುರದಿಂದ ಉಮರ್ಗಾವರೆಗೆ ಬಸ್ಸುಗಳು ಬೇಕಾದಷ್ಟಿವೆ. ಅಲ್ಲಿಂದ ಲಾತೂರಿನ ಬಸ್ಸು ಹಿಡಿಯಬೇಕು. ಸ್ವಂತ ವಾಹನವಿದ್ದರೆ ಬೆಳಿಗ್ಗೆ ಬೇಗ ಹೊರಟು ನಳದುರ್ಗ ನೋಡಿಕೊಂಡು ಹೋಗಬಹುದು. ಹೊತ್ತು ಮುಳುಗುವುದರೊಳಗೆ ಉಣ್ಣುವವರು ಬುತ್ತಿ, ಸೋಸಿದ ನೀರು ಕಟ್ಟಿಕೊಂಡೇ ಹೋಗಿ, ದಾರಿಯ ಖಾನಾವಳಿಗಳನ್ನು ನಂಬಬೇಡಿ. ಇನ್ನೊಂದು ದಿನ ಕೈಯಲ್ಲಿದ್ದರೆ ಧಾರಾಶಿವದ ಜೈನ ಗುಹೆಗಳನ್ನೂ, ಅದರಾಚೆ 1955ರಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರು ಸಲ್ಲೇಖನ ಕೈಕೊಂಡ ಕುಂಥಲಗಿರಿಯನ್ನೂ ದರ್ಶನ ಮಾಡಬಹುದು. ಹಳೆಯ ಕಿಲ್ಲಾರಿಯ ನೆಲದಲ್ಲಿ ಜಾಲಿಮುಳ್ಳು ಬಹಳ. ಮಕ್ಕಳಿಗೆ ಗಟ್ಟಿ ಚಪ್ಪಲಿ ಹಾಕಿಸಿ.